ಜೆ.ಜೆ. ವಾಟ್: ನಾಲ್ಕು ವರ್ಷದ ಆಟ ಸಾಕಾ, ಇಲ್ಲ ಹನ್ನೆರಡೂ ಲೆಕ್ಕಕ್ಕೆ ಬೇಕಾ?

ಕೇಟಿ ಕಡೆಯವ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಕಡೆಯ ದೊಡ್ಡ ಆಟಗಾರ ಯಾರು ಅಂತ ಮಾತು ಬಂದರೆ ಎಲ್ಲರೂ ಲಾರೆನ್ಸ್ ಟೇಲರ್, ರೆಗ್ಗಿ ವೈಟ್, ಆರನ್ ಡೊನಾಲ್ಡ್ ಅಂತ ಹೇಳಿ ಮುಗಿಸುತ್ತಾರೆ. ಹ್ಯೂಸ್ಟನ್ ಟೆಕ್ಸಾನ್ಸ್ ತಂಡದ ಜೆ.ಜೆ. ವಾಟ್ ಹೆಸರು ಎತ್ತಿದರೆ "ಗಾಯ ಜಾಸ್ತಿ, ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದಿಲ್ಲ" ಅಂತ ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. 2012ರಿಂದ 2015ರವರೆಗೆ ಅವನು ಆಡಿದ ಹಾಗೆ ಬೇರೆ ಯಾವ ಡಿಫೆನ್ಸಿವ್ ಲೈನ್‌ಮನ್ (ಡಿಫೆನ್ಸ್‌ನ ಮುಂದಿನ ಸಾಲಿನಲ್ಲಿ ನಿಲ್ಲುವವನು) ಕೂಡ ಸತತ ನಾಲ್ಕು ವರ್ಷ ಆಡಿಲ್ಲ ಅನ್ನುವುದು ನನ್ನ ವಾದ.

ಮೊದಲು ಲೆಕ್ಕ ನೋಡಿ. 2012ರಲ್ಲಿ 20.5 ಸ್ಯಾಕ್. 2013ರಲ್ಲಿ 10.5. 2014ರಲ್ಲಿ ಮತ್ತೆ 20.5. 2015ರಲ್ಲಿ 17.5. ಒಟ್ಟು 69. ಈ ನಾಲ್ಕರಲ್ಲಿ ಮೂರು ವರ್ಷ ಎನ್.ಎಫ್.ಎಲ್. ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ ಅವನದೇ. ಆ ಪ್ರಶಸ್ತಿಯನ್ನು ಮೂರು ಸಲ ಗೆದ್ದವರು ಟೇಲರ್, ವಾಟ್, ಡೊನಾಲ್ಡ್ ಮಾತ್ರ. ಎರಡು ಸೀಸನ್‌ನಲ್ಲಿ 20 ಸ್ಯಾಕ್ ದಾಟಿದ ಮೊದಲ ಆಟಗಾರನೂ ವಾಟ್.

ಆದರೆ ನನ್ನ ವಾದ ಇರುವುದು ಈ ಅಂಕಿಗಳ ಮೇಲಲ್ಲ. ಅವನು ಯಾವ ಜಾಗದಲ್ಲಿ ನಿಂತು ಇಷ್ಟು ಮಾಡಿದ ಅನ್ನುವುದರ ಮೇಲೆ. ಅದನ್ನು ಯಾರೂ ಮಾತಾಡುವುದೇ ಇಲ್ಲ.

ತುಂಗೆ ದಂಡೆ

ಸಾರ್, ನಾನು ಶಿವಮೊಗ್ಗದವನು. ಈ ಆಟ ನೋಡುವುದಕ್ಕೆ ಶುರುಮಾಡಿ ಜಾಸ್ತಿ ದಿನ ಆಗಿಲ್ಲ. ಅರ್ಧ ಶಬ್ದ ಇನ್ನೂ ಗೊತ್ತಿಲ್ಲ. ಸ್ಯಾಕ್ ಅಂದರೆ ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಕೆಡವಿದ ಹಾಗಾ? ಈ ಅರ್ಧ ಸ್ಯಾಕ್ ಎಲ್ಲಿಂದ ಬಂತು?

ಲೈನ್ ಒಳಗೆ

ಸುಮಾರಾಗಿ ಹಾಗೇ. ಆದರೆ ಯಾರನ್ನು ಕೆಡವಿದರೂ ಸ್ಯಾಕ್ ಆಗುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಬಾಲ್ ಎಸೆಯಲು ನೋಡುತ್ತಿರುವಾಗ, ಆಟ ಶುರುವಾದ ಗೆರೆಯ ಹಿಂದೆಯೇ ಅವನನ್ನು ಕೆಡವಿದರೆ ಮಾತ್ರ ಸ್ಯಾಕ್. ಆ ತಂಡ ಅಷ್ಟು ಯಾರ್ಡ್ ಹಿಂದೆ ಹೋಗುತ್ತದೆ. ಅದೂ ಅಲ್ಲದೆ ಒಂದು ಅವಕಾಶ ಹಾಳು. ನಾಲ್ಕು ಅವಕಾಶದಲ್ಲಿ 10 ಯಾರ್ಡ್ ಹೋಗಬೇಕಾದ ಆಟದಲ್ಲಿ ಅದು ದೊಡ್ಡ ಪೆಟ್ಟು. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ.

ಇನ್ನೊಂದು ವಿಷಯ. ಲೀಗ್ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರುಮಾಡಿದ್ದೇ 1982ರಲ್ಲಿ. ಅದಕ್ಕೇ ಡೀಕನ್ ಜೋನ್ಸ್ ಥರದ ಹಳೇ ರಾಕ್ಷಸರ ಹೆಸರು ಅಧಿಕೃತ ಪಟ್ಟಿಯಲ್ಲಿ ಇಲ್ಲ. ಟೇಲರ್ ಮೊದಲ ವರ್ಷ 1981ರಲ್ಲಿ ಮಾಡಿದ್ದೂ ಸೇರುವುದಿಲ್ಲ. ಹಾಗಾಗಿ "ಇತಿಹಾಸದಲ್ಲೇ ಜಾಸ್ತಿ" ಅಂತ ಯಾರಾದರೂ ಹೇಳಿದರೆ 1982ರಿಂದ ಈಚೆಗೆ ಅಂತ ಸೇರಿಸಿಕೊಳ್ಳಿ.

ಈಗ ಕೇಟಿಯವರು ಹೇಳಿದ ಜಾಗದ ವಿಷಯ. ಸ್ಯಾಕ್ ಮಾಡುವವರು ಸಾಮಾನ್ಯವಾಗಿ ಅಂಚಿನಲ್ಲಿ ನಿಲ್ಲುತ್ತಾರೆ. ಎದುರಿಗೆ ಕ್ವಾರ್ಟರ್‌ಬ್ಯಾಕನ್ನು ಕಾಯುವ ಒಬ್ಬ ದಡಿಯ ಇರುತ್ತಾನೆ, ಅವನಿಗೆ ಟ್ಯಾಕಲ್ ಅಂತಾರೆ. ಅವನ ಹೊರಗಿಂದ ಸುತ್ತಿ ಓಡಿದರೆ ಕ್ವಾರ್ಟರ್‌ಬ್ಯಾಕ್ ಸಿಗುತ್ತಾನೆ. ಟೇಲರ್ ಮಾಡಿದ್ದು ಅದನ್ನು. ಮೈಕಲ್ ಸ್ಟ್ರೇಹನ್ 2001ರಲ್ಲಿ 22.5 ಮಾಡಿದ್ದೂ ಅಂಚಿನಿಂದಲೇ.

ವಾಟ್ ಸೇರಿದಾಗ ಹ್ಯೂಸ್ಟನ್ ತಂಡ ಆಡುತ್ತಿದ್ದದ್ದು 3-4. ಅಂದರೆ ಮುಂದೆ ಮೂರೇ ಲೈನ್‌ಮನ್, ಅವರ ಹಿಂದೆ ನಾಲ್ಕು ಲೈನ್‌ಬ್ಯಾಕರ್. ಈ ಪದ್ಧತಿಯಲ್ಲಿ ಮುಂದಿನ ಮೂವರದು ಕೂಲಿ ಕೆಲಸ. ಇಬ್ಬಿಬ್ಬರು ದಡಿಯರನ್ನು ಮೈಮೇಲೆ ಹಾಕಿಕೊಂಡು ತಡೆದು ನಿಲ್ಲಬೇಕು. ಹಿಂದಿನಿಂದ ಲೈನ್‌ಬ್ಯಾಕರ್ ಬಂದು ಸ್ಯಾಕ್ ಮಾಡಿ ಹೆಸರು ತಗೊಳ್ಳುತ್ತಾನೆ. 3-4ರಲ್ಲಿ ಎಂಡ್ ಆಗಿ ಆಡುವವನು ವರ್ಷಕ್ಕೆ ಆರೇಳು ಸ್ಯಾಕ್ ಮಾಡಿದರೆ ಕೋಚ್ ಖುಷಿಯಾಗಿರುತ್ತಾನೆ. ವಾಟ್ ಅಲ್ಲಿ ನಿಂತು 20.5 ಮಾಡಿದ.

ಅಂಕಿ ಅಂಶ

ಸ್ವಲ್ಪ ತಡೆಯಿರಿ. ಆಗ ಹ್ಯೂಸ್ಟನ್ ಡಿಫೆನ್ಸ್ ಕೋಚ್ ಆಗಿದ್ದ ವೇಡ್ ಫಿಲಿಪ್ಸ್ ಅವರ 3-4 ಬೇರೆ ಥರ. ಅವರು ಲೈನ್‌ಮನ್‌ಗಳಿಗೆ "ಇಬ್ಬರನ್ನು ತಡೆದು ನಿಲ್ಲು" ಅಂತ ಹೇಳುತ್ತಿರಲಿಲ್ಲ. ಒಂದು ಸಂದಿ ತೋರಿಸಿ "ನುಗ್ಗು" ಅನ್ನುತ್ತಿದ್ದರು. ಹಾಗಾಗಿ ವಾಟ್‌ಗೆ ಆ ಪದ್ಧತಿ ಹೇಳಿ ಮಾಡಿಸಿದ ಹಾಗಿತ್ತು. ಅರ್ಧ ಶ್ರೇಯಸ್ಸು ಫಿಲಿಪ್ಸ್‌ಗೆ ಹೋಗಬೇಕು ಅಲ್ವಾ?

ಲೈನ್ ಒಳಗೆ

2012ಕ್ಕೆ ಆ ಮಾತು ಒಪ್ಪಬಹುದು. 2014ಕ್ಕೆ ಏನು ಹೇಳುತ್ತೀರಿ? ಆಗ ಫಿಲಿಪ್ಸ್ ಇರಲಿಲ್ಲ. ಬಿಲ್ ಓಬ್ರಿಯನ್ ಹೊಸ ಹೆಡ್ ಕೋಚ್. ಡಿಫೆನ್ಸ್ ರೋಮಿಯೊ ಕ್ರೆನೆಲ್ ಕೈಯಲ್ಲಿ. ಕ್ರೆನೆಲ್ ಹಳೇ ಕಾಲದವರು, ಲೈನ್‌ಮನ್ ಎರಡೂ ಸಂದಿ ಕಾಯಬೇಕು ಅನ್ನುವ ಪೈಕಿ. ಆ ವರ್ಷ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಎಲ್ಲರಿಗಿಂತ ಮೊದಲು ಆರಿಸಿದ ಜೇಡೆವಿಯನ್ ಕ್ಲೌನಿ ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟು ಮಾಡಿಕೊಂಡ. ಅಂದರೆ ಎದುರಾಳಿಗೆ ವಾಟ್ ಬಿಟ್ಟು ಹೆದರಬೇಕಾದವರು ಇನ್ನೊಬ್ಬರು ಇರಲಿಲ್ಲ. ಇಬ್ಬರು, ಕೆಲವು ಸಲ ಮೂವರು ಅವನ ಮೇಲೆ ಬೀಳುತ್ತಿದ್ದರು. ಆದರೂ 20.5.

ಪದ್ಧತಿ ಬದಲಾಯಿತು, ಕೋಚ್ ಬದಲಾದರು, ಸಂಖ್ಯೆ ಮಾತ್ರ ಬದಲಾಗಲಿಲ್ಲ.

ಚಳಿನಾಡು

ನಾನು ವಿಸ್ಕಾನ್ಸಿನ್‌ನಲ್ಲಿ ಇರುವವಳು. ಇಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಬಿಟ್ಟು ಬೇರೆ ತಂಡದ ಹೆಸರು ಹೇಳಿದರೆ ಪಕ್ಕದ ಮನೆಯವರು ಮುಖ ತಿರುಗಿಸುತ್ತಾರೆ. ಆದರೂ ವಾಟ್ ಅಂದರೆ ಇಲ್ಲಿ ಮನೆಮಗ. ಹುಟ್ಟಿದ್ದು 1989ರಲ್ಲಿ ವಾಕಶಾದಲ್ಲಿ, ಬೆಳೆದದ್ದು ಪಕ್ಕದ ಪೆವಾಕೀ ಊರಿನಲ್ಲಿ. ಅಪ್ಪ ಅಗ್ನಿಶಾಮಕ ದಳದಲ್ಲಿದ್ದವರು. ಹುಡುಗ ಚಿಕ್ಕಂದಿನಲ್ಲಿ ಐಸ್ ಹಾಕಿ ಆಡುತ್ತಿದ್ದ. ಆಮೇಲೆ ಫುಟ್‌ಬಾಲ್ ಕಡೆ ಬಂದ.

ಆಟದ ಮಾತು ನೀವೆಲ್ಲ ಆಡುತ್ತಿದ್ದೀರಿ. ಅವನು ಇಲ್ಲಿಗೆ ಹೇಗೆ ಬಂದ ಅನ್ನುವುದೂ ಸೇರಲಿ. ಮೊದಲು ಸೆಂಟ್ರಲ್ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಮೇಲೆ ಹೋದ. ಅಲ್ಲಿ ಅವನು ಟೈಟ್ ಎಂಡ್. ಅಂದರೆ ಬಾಲ್ ಹಿಡಿಯುವ, ತಡೆಯುವ ಎರಡೂ ಕೆಲಸ ಮಾಡುವ ಅಫೆನ್ಸ್ ಆಟಗಾರ. ಒಂದೇ ಸೀಸನ್. ಬಾಲ್ ಜಾಸ್ತಿ ಬರುತ್ತಿರಲಿಲ್ಲ. ಸ್ಕಾಲರ್‌ಶಿಪ್ ಬಿಟ್ಟು ಮನೆಗೆ ಬಂದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡಕ್ಕೆ ವಾಕ್-ಆನ್ ಆಗಿ ಸೇರಿಕೊಂಡ. ವಾಕ್-ಆನ್ ಅಂದರೆ ಫೀಸು ನಿಮ್ಮದೇ, ತಂಡದಲ್ಲಿ ಜಾಗ ಸಿಗುತ್ತದೆ ಅನ್ನುವ ಭರವಸೆ ಏನೂ ಇಲ್ಲ. ಈ ಮಧ್ಯೆ ಊರಲ್ಲಿ ಪಿಜ್ಜಾ ಹಟ್‌ಗೆ ಪಿಜ್ಜಾ ತಲುಪಿಸುವ ಕೆಲಸ ಮಾಡಿದ. ಅಲ್ಲಿಂದ ಡಿಫೆನ್ಸಿವ್ ಎಂಡ್ ಆಗಿ ಬದಲಾಗಿ 2011ರಲ್ಲಿ ಡ್ರಾಫ್ಟ್‌ನಲ್ಲಿ 11ನೆಯವನಾಗಿ ಹೋದ.

ಕೈಯಲ್ಲಿದ್ದ ಸ್ಕಾಲರ್‌ಶಿಪ್ ಬಿಟ್ಟು ಬಂದ ಮಗನಿಗೆ ಅಪ್ಪ ಅಮ್ಮ ಸರಿ ಅಂದರಲ್ಲ, ನನಗೆ ಅದು ದೊಡ್ಡದು ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಸೀಟ್ ಬಿಡುತ್ತೇನೆ ಅಂತ ಹೇಳಿ ನೋಡಿ!

ಸಂಡೇ ಸೋಮಾರಿ

ನಮ್ಮ ಮನೆಯಲ್ಲಿ ನಾನು ಹೇಳಿದ್ದೆ. ಇಂಜಿನಿಯರ್ ಆಗಿಯೇ ಈ ಪೋಸ್ಟ್ ಹಾಕುತ್ತಿದ್ದೇನೆ.

ಕೇಟಿ ಕಡೆಯವ

ಹಹ್ಹಾ. ಚಳಿನಾಡು ಮೇಡಂ, ಆ 11ನೇ ಆಯ್ಕೆಯ ಕಥೆ ಇಲ್ಲಿ ಹ್ಯೂಸ್ಟನ್‌ನಲ್ಲಿ ಎಲ್ಲರಿಗೂ ಗೊತ್ತು. ಸ್ಟೇಡಿಯಂನಲ್ಲಿ ಅಭಿಮಾನಿಗಳನ್ನು ಕೂಡಿಸಿ ಡ್ರಾಫ್ಟ್ ತೋರಿಸುತ್ತಿದ್ದರು. ವಾಟ್ ಹೆಸರು ಬಂದ ಕೂಡಲೇ ಜನ ಹೋ ಅಂತ ಕೂಗಿ ಬೈದರು. ಆ ವಿಡಿಯೋ ಈಗಲೂ ಸಿಗುತ್ತದೆ. ಆ ಮುಖಗಳನ್ನು ನೋಡುವುದೇ ಒಂದು ಮಜಾ.

ಆ ವರ್ಷದ ಡ್ರಾಫ್ಟ್ ಕೂಡ ಸಾಮಾನ್ಯದ್ದಲ್ಲ. ವಾನ್ ಮಿಲ್ಲರ್ ಎರಡನೆಯವನು. ಆಲ್ಡನ್ ಸ್ಮಿತ್ 7. ರಾಬರ್ಟ್ ಕ್ವಿನ್ 14. ಕ್ಯಾಮರನ್ ಜೋರ್ಡನ್ 24. ಕ್ಯಾಮರನ್ ಹೇವರ್ಡ್ 31. ಒಂದೇ ವರ್ಷದಲ್ಲಿ ಇಷ್ಟು ಜನ ಡಿಫೆನ್ಸ್ ದೈತ್ಯರು ಬಂದದ್ದು ಅಪರೂಪ.

ಬೈದವರ ಬಾಯಿ ಮುಚ್ಚಿಸಲು ಅವನು ಜಾಸ್ತಿ ಸಮಯ ತೆಗೆದುಕೊಳ್ಳಲಿಲ್ಲ. 2012ರ ಜನವರಿ 7. ಟೆಕ್ಸಾನ್ಸ್ ತಂಡದ ಇತಿಹಾಸದಲ್ಲೇ ಮೊದಲ ಪ್ಲೇಆಫ್ (ಸೋತರೆ ಮನೆಗೆ ಹೋಗುವ ಹಂತ) ಪಂದ್ಯ. ತಂಡ ಹುಟ್ಟಿದ್ದೇ 2002ರಲ್ಲಿ. ಅದಕ್ಕೂ ಮುಂಚೆ ಇದ್ದ ಆಯಿಲರ್ಸ್ 1996ರ ಸೀಸನ್ ಮುಗಿದ ಮೇಲೆ ಟೆನೆಸ್ಸೀಗೆ ಗಂಟುಮೂಟೆ ಕಟ್ಟಿತ್ತು. ಈ ಊರು ಎಷ್ಟು ಹಸಿದಿತ್ತು ಅಂತ ಊಹಿಸಿ. ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ 10-10 ಸಮ. ಮೊದಲರ್ಧ ಮುಗಿಯಲು ಒಂದು ನಿಮಿಷವೂ ಇಲ್ಲ. ಆಂಡಿ ಡಾಲ್ಟನ್ ಬಾಲ್ ಎಸೆದ. ವಾಟ್ ಎದುರಿಗೇ ನಿಂತಿದ್ದ. ಕೈ ಎತ್ತಿದ. ಬಾಲ್ ತಟ್ಟಿ ಬೀಳಲಿಲ್ಲ, ಕೈಯಲ್ಲೇ ಕೂತುಕೊಂಡಿತು. 29 ಯಾರ್ಡ್ ಓಡಿ ಗೋಲ್ ಗೆರೆ ದಾಟಿದ, ಟಚ್‌ಡೌನ್! 130 ಕಿಲೋ ಹತ್ತಿರದ ಮನುಷ್ಯ ಅಷ್ಟು ಹತ್ತಿರದಿಂದ ಎಸೆದ ಬಾಲ್ ಹಿಡಿಯುವುದು ಅಂದರೆ ಏನು ಅಂತ ಟೈಟ್ ಎಂಡ್ ಆಡಿದವರಿಗೇ ಗೊತ್ತು. 31-10ರಲ್ಲಿ ಗೆದ್ದೆವು. ನಮ್ಮ ಕ್ವಾರ್ಟರ್‌ಬ್ಯಾಕ್ ಅವತ್ತು ಟಿ.ಜೆ. ಯೇಟ್ಸ್, ಅವನಿಗೂ ಅದು ಮೊದಲ ವರ್ಷ.

ತುಂಗೆ ದಂಡೆ

ಈ ಬಾಲ್ ತಟ್ಟುವುದೂ ಲೆಕ್ಕಕ್ಕೆ ಬರುತ್ತದಾ?

ಲೈನ್ ಒಳಗೆ

ಬರುತ್ತದೆ. ನನ್ನ ಪ್ರಕಾರ ವಾಟ್ ಆಟದ ಅಸಲಿ ಗುಟ್ಟು ಅದೇ. 2012ರಲ್ಲಿ ಅವನು 16 ಪಾಸ್ ಕೆಡಿಸಿದ. ಇಷ್ಟು ಸಾಮಾನ್ಯವಾಗಿ ಮಾಡುವವರು ಹಿಂದೆ ನಿಂತು, ಬಾಲ್ ಹಿಡಿಯಲು ಓಡುವ ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್‌ಗಳು. ಲೈನ್‌ಮನ್ ಮಾಡುವ ಕೆಲಸ ಅಲ್ಲ.

ಅವನು ಹೇಗೆ ಮಾಡುತ್ತಿದ್ದ ನೋಡಿ. ನುಗ್ಗುವಾಗ ಕಣ್ಣು ಎದುರಿನ ದಡಿಯನ ಮೇಲಲ್ಲ, ಕ್ವಾರ್ಟರ್‌ಬ್ಯಾಕ್ ಮೇಲೆ. ತಾನು ಸಮಯಕ್ಕೆ ಮುಟ್ಟುವುದಿಲ್ಲ ಅಂತ ಗೊತ್ತಾದ ತಕ್ಷಣ ನಿಂತುಬಿಡುತ್ತಿದ್ದ. ಎಸೆಯುವವನ ಭುಜ ಮೇಲಕ್ಕೆ ಬಂದ ಕ್ಷಣಕ್ಕೆ ಹಾರಿ ಕೈ ಚಾಚುತ್ತಿದ್ದ. ಎತ್ತರ 6 ಅಡಿ 5 ಇಂಚು, ಅದಕ್ಕೆ ಜಿಗಿತ ಸೇರಿಸಿ. ಕ್ವಾರ್ಟರ್‌ಬ್ಯಾಕ್‌ಗೆ ಎದುರಿನ ಕಿಟಕಿಯೇ ಮುಚ್ಚಿದ ಹಾಗೆ. ಕೆಲವರು ಅವನಿರುವ ಕಡೆ ಸಣ್ಣ ಪಾಸ್ ಎಸೆಯುವುದನ್ನೇ ಕಡಿಮೆ ಮಾಡಿದರು. ಹಾಗೆ ಎಸೆಯದೇ ಉಳಿದ ಪಾಸ್‌ಗೆ ಯಾವ ಪಟ್ಟಿಯಲ್ಲೂ ಖಾನೆ ಇಲ್ಲ.

ಜೊತೆಗೆ ಅದೇ ವರ್ಷ 39 ಸಲ ಎದುರಾಳಿಯನ್ನು ಗೆರೆಯ ಹಿಂದೆಯೇ ಕೆಡವಿದ. ಅಂದರೆ ಓಟದ ಆಟ ನಿಲ್ಲಿಸುವುದರಲ್ಲೂ ಮುಂದೆ. ಅಂಚಿನ ಸ್ಯಾಕ್ ವೀರರು ಎಷ್ಟೋ ಜನ ಓಟದ ಆಟ ಬಂದರೆ ಪಕ್ಕಕ್ಕೆ ಸರಿಯುತ್ತಾರೆ. ವಾಟ್ ಎರಡೂ ಮಾಡುತ್ತಿದ್ದ. ಇದಕ್ಕೇ ನಾನು ಬರೀ ಸ್ಯಾಕ್ ಪಟ್ಟಿ ಇಟ್ಟುಕೊಂಡು ಅವನನ್ನು ಅಳೆಯಬೇಡಿ ಅನ್ನುವುದು.

ಅಂಕಿ ಅಂಶ

ಸರಿ, ಈಗ ನನ್ನ ಸರದಿ. ಪ್ರೀತಿಯಿಂದಲೇ ಹೇಳುತ್ತೇನೆ, ಬೈಯಬೇಡಿ.

ವಾಟ್ ಒಟ್ಟು 12 ವರ್ಷ ಆಡಿದ. 151 ಪಂದ್ಯ, 114.5 ಸ್ಯಾಕ್. ಇದರಲ್ಲಿ 69 ಆ ನಾಲ್ಕು ವರ್ಷದ್ದು. ಉಳಿದ ಎಂಟು ವರ್ಷಕ್ಕೆ 45.5. ಗಾಯದ ಪಟ್ಟಿ ಓದಿ. 2016ರಲ್ಲಿ ಬೆನ್ನು, ಮೂರೇ ಪಂದ್ಯ. 2017ರಲ್ಲಿ ಮಂಡಿಯ ಕೆಳಗಿನ ಮೂಳೆ ಮುರಿತ, ಐದೇ ಪಂದ್ಯ, ಒಂದು ಸ್ಯಾಕೂ ಇಲ್ಲ. 2019ರಲ್ಲಿ ಎದೆಯ ಸ್ನಾಯು ಹರಿಯಿತು, ಎಂಟು ಪಂದ್ಯ. 2021ರಲ್ಲಿ ಭುಜ, ಏಳು ಪಂದ್ಯ.

ಬ್ರೂಸ್ ಸ್ಮಿತ್ 200 ಸ್ಯಾಕ್, ರೆಗ್ಗಿ ವೈಟ್ 198. ಆಟಕ್ಕೆ ಲಭ್ಯ ಇರುವುದೂ ಒಂದು ಗುಣ ತಾನೇ? ಡೊನಾಲ್ಡ್ ನೋಡಿ. 10 ವರ್ಷ, 111 ಸ್ಯಾಕ್. ವಾಟ್‌ಗಿಂತ ಎರಡು ವರ್ಷ ಕಡಿಮೆ ಆಡಿ ಹತ್ತಿರ ಹತ್ತಿರ ಅಷ್ಟೇ ಮಾಡಿದ. ಅದೂ ಇನ್ನೂ ಒಳಗಿನ ಜಾಗದಿಂದ, ಡಿಫೆನ್ಸಿವ್ ಟ್ಯಾಕಲ್ ಆಗಿ, ಅಂದರೆ ಲೈನಿನ ನಡುವೆ ನಿಂತು. ಮೈಕಟ್ಟೂ ವಾಟ್‌ಗಿಂತ ಚಿಕ್ಕದು. ಜಾಗದ ಕಷ್ಟದ ವಾದ ಹಿಡಿದರೆ ಗೆಲ್ಲುವುದು ಡೊನಾಲ್ಡ್, ವಾಟ್ ಅಲ್ಲ. ಕೇಟಿಯವರೇ, ನಿಮ್ಮ ಕತ್ತಿ ನಿಮ್ಮನ್ನೇ ಕುಯ್ಯುತ್ತದೆ.

ಕೇಟಿ ಕಡೆಯವ

ಒಳ್ಳೆ ಏಟು. ಆದರೆ ಪೂರ್ತಿ ಬೀಳುವುದಿಲ್ಲ. ಡೊನಾಲ್ಡ್ 20 ದಾಟಿದ್ದು ಒಂದೇ ಸಲ, 2018ರಲ್ಲಿ. ಬಾಲ್ ತಟ್ಟುವ ಲೆಕ್ಕದಲ್ಲಿ ವಾಟ್ ಹತ್ತಿರವೂ ಬರುವುದಿಲ್ಲ. ಹತ್ತು ವರ್ಷದ ಆಟ ಒಟ್ಟಿಗೆ ತೂಗಿದರೆ ಡೊನಾಲ್ಡ್ ಅಂತ ನೀವು ಹೇಳಿ, ನಾನು ಜಗಳ ಆಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ನಾಳೆ ಒಂದು ಸೀಸನ್ ಇದೆ, ಇತಿಹಾಸದ ಯಾವ ಲೈನ್‌ಮನ್‌ನ ಯಾವ ವರ್ಷವನ್ನು ಬೇಕಾದರೂ ತಗೊಳ್ಳಿ ಅಂದರೆ? ನಾನು 2014ರ ವಾಟ್ ತಗೊಳ್ಳುತ್ತೇನೆ.

ಆ ವರ್ಷ ಅವನು ಐದು ಟಚ್‌ಡೌನ್ ಮಾಡಿದ. ಡಿಫೆನ್ಸ್ ಆಟಗಾರ! ಓಬ್ರಿಯನ್ ಅವನನ್ನು ಗೋಲ್ ಗೆರೆ ಹತ್ತಿರ ಟೈಟ್ ಎಂಡ್ ಆಗಿ ನಿಲ್ಲಿಸಿ ಮೂರು ಟಚ್‌ಡೌನ್ ಪಾಸ್ ಹಿಡಿಸಿದರು. ಬಫಲೋ ಬಿಲ್ಸ್ ವಿರುದ್ಧ ಇ.ಜೆ. ಮ್ಯಾನುಯೆಲ್ ಎಸೆದ ಬಾಲ್ ಕಸಿದು 80 ಯಾರ್ಡ್ ಓಡಿದ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಕೆಳಗೆ ಬಿದ್ದ ಬಾಲ್ ಎತ್ತಿಕೊಂಡು 45 ಯಾರ್ಡ್ ಓಡಿದ. ಕೊನೇ ಪಂದ್ಯದಲ್ಲಿ ಜಾಕ್ಸನ್‌ವಿಲ್ ವಿರುದ್ಧ ಮೂರು ಸ್ಯಾಕ್, ಅದರಲ್ಲಿ ಒಂದು ಸೇಫ್ಟಿ, ಅಂದರೆ ಎದುರಾಳಿಯನ್ನು ಅವರದೇ ಗೋಲ್ ಗೆರೆಯ ಹಿಂದೆ ಕೆಡವಿ ಎರಡು ಅಂಕ.

ಲೀಗಿನ ಎಂ.ವಿ.ಪಿ. (ವರ್ಷದ ಅತಿ ಮೌಲ್ಯದ ಆಟಗಾರ) ಮತದಲ್ಲಿ ಗ್ರೀನ್ ಬೇ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್‌ಗೆ 31, ವಾಟ್‌ಗೆ 13. ಎರಡನೇ ಸ್ಥಾನ. ಡಿಫೆನ್ಸ್ ಆಟಗಾರನಿಗೆ ಆ ಪ್ರಶಸ್ತಿ ಕೊನೆಯದಾಗಿ ಸಿಕ್ಕಿದ್ದು 1986ರಲ್ಲಿ ಟೇಲರ್‌ಗೆ. ಅದಕ್ಕೂ ಮುಂಚೆ 1971ರಲ್ಲಿ ಆಲನ್ ಪೇಜ್. ಇಬ್ಬರೇ. ವಾಟ್‌ಗೆ ಅವತ್ತು ಕೊಡದೇ ಇದ್ದರೆ ಇನ್ನು ಡಿಫೆನ್ಸ್‌ಗೆ ಯಾವತ್ತು ಕೊಡುತ್ತಾರೋ ಗೊತ್ತಿಲ್ಲ.

ಸಂಡೇ ಸೋಮಾರಿ

ಆ ಟೈಟ್ ಎಂಡ್ ಆಟ ಓಬ್ರಿಯನ್ ತಲೆಗೆ ಏರಿಬಿಟ್ಟಿತ್ತು ಅನ್ನುವುದನ್ನೂ ಬರೆಯಿರಿ. 2016ರ ಜನವರಿ, ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ ಪ್ಲೇಆಫ್. ಗೋಲ್ ಗೆರೆ ಹತ್ತಿರ ಬಂದಾಗ ಬಾಲನ್ನು ನೇರ ವಾಟ್ ಕೈಗೆ ಕೊಟ್ಟು ಓಡಿಸಿದರು. ಮುಂದೆ ಹೋಗುವುದು ಇರಲಿ, ಹಿಂದೆ ಬಿದ್ದ. ಆಮೇಲೆ ಬ್ರಯನ್ ಹೋಯರ್ ಬಾಲ್ ಎದುರಾಳಿಗೆ ಎಸೆದ. ಕೊನೆಗೆ 30-0. ವಾಟ್ ತೊಡೆಸಂದಿಯ ಪೆಟ್ಟು ಮಾಡಿಕೊಂಡು ಅರ್ಧದಲ್ಲೇ ಹೊರಗೆ ಹೋದ. ನನ್ನ ಜೀವನದ ಒಂದು ಶನಿವಾರ ಹಾಳು.

ಅಂಕಿ ಅಂಶ

ಸೂಪರ್ ಬೌಲ್ ವಿಷಯಕ್ಕೆ ಯಾರೂ ಬರುತ್ತಿಲ್ಲ ಅನ್ನುವುದನ್ನು ಗಮನಿಸುತ್ತಿದ್ದೇನೆ.

ಕೇಟಿ ಕಡೆಯವ

ಬರುತ್ತೇನೆ ಸಾರ್. ಸೂಪರ್ ಬೌಲ್ ಇರಲಿ, ಅದರ ಹಿಂದಿನ ಹಂತಕ್ಕೂ ಟೆಕ್ಸಾನ್ಸ್ ಹೋಗಲಿಲ್ಲ. 2012ರಲ್ಲಿ 11 ಗೆದ್ದು ಒಂದೇ ಸೋತಿದ್ದವರು ನ್ಯೂ ಇಂಗ್ಲೆಂಡ್‌ನಲ್ಲಿ 42-14ರಿಂದ ಸೋತರು. ಅಲ್ಲಿಂದ ಇಳಿದು ಪ್ಲೇಆಫ್‌ನಲ್ಲಿ ಅದೇ ಊರಲ್ಲಿ 41-28ರಿಂದ ಹೊರಬಿದ್ದರು. 2013ರಲ್ಲಿ ಮೊದಲ ಎರಡು ಗೆದ್ದು ಆಮೇಲೆ ಸಾಲಾಗಿ 14 ಸೋತರು. 2014ರಲ್ಲಿ 9-7, ಪ್ಲೇಆಫ್ ಇಲ್ಲ.

ಈಗ ಕ್ವಾರ್ಟರ್‌ಬ್ಯಾಕ್ ಪಟ್ಟಿ ಹಿಡಿಯಿರಿ. 2014ರಲ್ಲಿ ಫಿಟ್ಜ್‌ಪ್ಯಾಟ್ರಿಕ್, ಮ್ಯಾಲೆಟ್, ಸ್ಯಾವೇಜ್, ಕೀನಮ್. 2015ರಲ್ಲಿ ಹೋಯರ್, ಮ್ಯಾಲೆಟ್, ಯೇಟ್ಸ್, ವೀಡನ್. ಎರಡು ವರ್ಷಕ್ಕೆ ಏಳು ಜನ. ವಾಟ್ ಉತ್ತುಂಗದಲ್ಲಿದ್ದಾಗ ನಮ್ಮ ಅಫೆನ್ಸ್ ಕಡೆ ಬಾಲ್ ಎಸೆಯಲು ಸರಿಯಾದ ಒಬ್ಬ ಇರಲಿಲ್ಲ. 2017ರಲ್ಲಿ ಒಳ್ಳೆ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ ಬಂದಾಗ ವಾಟ್ ಮಂಡಿ ಮುರಿದುಕೊಂಡು ಮಲಗಿದ. ಇಬ್ಬರೂ ಪೂರ್ತಿ ಸೀಸನ್ ಆಡಿದ್ದು 2018, 2020 ಎರಡೇ ವರ್ಷ. 2018ರಲ್ಲಿ ವಾಟ್ 16 ಸ್ಯಾಕ್, ಏಳು ಸಲ ಎದುರಾಳಿ ಕೈಯಿಂದ ಬಾಲ್ ಬೀಳಿಸಿದ. ಎರಡು ದೊಡ್ಡ ಗಾಯದ ಮೇಲೆ ಹಾಗೆ ವಾಪಸ್ ಬಂದವನನ್ನು "ನಾಲ್ಕು ವರ್ಷದ ಆಟಗಾರ" ಅನ್ನುವುದು ಹೇಗೆ?

ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಉಂಗುರ ಇಲ್ಲ ಅಂತ ಲೈನ್‌ಮನ್‌ನನ್ನು ಬೈಯುವುದು ನನಗಂತೂ ಸೋಮಾರಿತನದ ವಾದ.

ಸಂಡೇ ಸೋಮಾರಿ

ನನ್ನ ಹೆಸರು ಎಳೆಯಬೇಡಿ.

ಲೈನ್ ಒಳಗೆ

ಅಂಕಿ ಅಂಶ ಅವರ ಗಾಯದ ಪಟ್ಟಿಗೆ ಒಂದು ಮಾತು. ಅದೇ ಗಾಯಗಳು ಅವನ ಆಟದ ರೀತಿಯಿಂದಲೇ ಬಂದದ್ದು ಅಂತ ನನಗೆ ಅನ್ನಿಸುತ್ತದೆ. ಪ್ರತಿ ಆಟಕ್ಕೂ ಇಬ್ಬರ ನಡುವೆ ಮೈ ತಿರುಚಿ ನುಗ್ಗಬೇಕು. 2015ರ ಕೊನೆಗೆ ಅವನ ಎಡಗೈ ಮೂಳೆ ಮುರಿದಿತ್ತು. ದಪ್ಪ ಪಟ್ಟಿ ಸುತ್ತಿಕೊಂಡು ಆಡಿದ. ಅದರ ಜೊತೆಗೆ ಬೆನ್ನಿನ ಡಿಸ್ಕ್ ಜಾರಿತ್ತು. ಆ ಸೀಸನ್ ಮುಗಿದ ಮೇಲೆ ಆಪರೇಶನ್ ಮಾಡಿಸಿಕೊಂಡ. ಮುಂದಿನ ಸೀಸನ್‌ಗೆ ಬೇಗ ಬಂದ. ಮೂರು ಪಂದ್ಯಕ್ಕೆ ಮತ್ತೆ ಬೆನ್ನು ಹೋಯಿತು, ಮತ್ತೆ ಆಪರೇಶನ್. ಸ್ವಲ್ಪ ಕಾದಿದ್ದರೆ ಚೆನ್ನಾಗಿತ್ತು ಅಂತ ಈಗ ಕೂತು ಹೇಳುವುದು ಸುಲಭ. ಆದರೆ ಆ ಆತುರವೇ ಅವನನ್ನು ವಾಕ್-ಆನ್‌ನಿಂದ ಇಲ್ಲಿವರೆಗೆ ತಂದದ್ದು.

2019ರದ್ದಂತೂ ಹುಚ್ಚು. ಅಕ್ಟೋಬರ್ 27ಕ್ಕೆ ಎದೆಯ ಸ್ನಾಯು ಹರಿದು ಸೀಸನ್ ಮುಗಿಯಿತು ಅಂದರು. ಜನವರಿ 4ಕ್ಕೆ ಬಿಲ್ಸ್ ವಿರುದ್ಧ ಪ್ಲೇಆಫ್‌ನಲ್ಲಿ ಮೈದಾನಕ್ಕೆ ಇಳಿದ. ಟೆಕ್ಸಾನ್ಸ್ ಆಟವೇ ಏಳುತ್ತಿರಲಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ವಾಟ್ ಜಾಶ್ ಆಲನ್‌ನನ್ನು ಕೆಡವಿದ. ಸ್ಟೇಡಿಯಂ ಎದ್ದು ಕುಣಿಯಿತು. 0-16 ಇದ್ದದ್ದು ಹೆಚ್ಚುವರಿ ಸಮಯಕ್ಕೆ ಹೋಗಿ 22-19ರಲ್ಲಿ ಗೆದ್ದರು. ಮುಂದಿನ ವಾರ ಚೀಫ್ಸ್ ವಿರುದ್ಧ 24-0 ಮುಂದಿದ್ದು 51-31ರಿಂದ ಸೋತರು. ಅದರ ಬಗ್ಗೆ ಕೇಟಿಯವರನ್ನು ಕೇಳಬೇಡಿ.

ಕೇಟಿ ಕಡೆಯವ

ಕೇಳಬೇಡಿ.

ಚಳಿನಾಡು

ಹಾರ್ವೀ ಚಂಡಮಾರುತದ ಬಗ್ಗೆ ಕೇಟಿಯವರು ಬರೆಯುತ್ತಾರೆ ಅಂತ ಕಾಯುತ್ತಿದ್ದೇನೆ. ನೀವು ಆಗ ಅಲ್ಲೇ ಇದ್ದಿರಿ ಅಲ್ವಾ?

ಕೇಟಿ ಕಡೆಯವ

ಇದ್ದೆ. ಅದನ್ನು ಆಟದ ವಾದಕ್ಕೆ ಸೇರಿಸುವುದು ಬೇಡ ಅಂತ ಸುಮ್ನೆ ಇದ್ದೆ. ಕೇಳಿದ್ದಕ್ಕೆ ಹೇಳುತ್ತೇನೆ.

2017ರ ಆಗಸ್ಟ್ ಕೊನೇ ವಾರ. ಮಳೆ ನಿಲ್ಲಲೇ ಇಲ್ಲ. ನಮ್ಮ ಬಡಾವಣೆಗೆ ನೀರು ರಸ್ತೆವರೆಗೆ ಬಂದು ನಿಂತಿತು, ನಾವು ಬಚಾವ್. ಸ್ನೇಹಿತರೊಬ್ಬರ ಮನೆಯಲ್ಲಿ ಸೊಂಟದವರೆಗೆ ನೀರು. ಅವರು ನಮ್ಮ ಮನೆಗೆ ಬಂದರು, ಮಕ್ಕಳು ಮರಿ ಎಲ್ಲ ಸೇರಿ. ಅನ್ನ ಸಾರು, ಉಪ್ಪಿನಕಾಯಿ, ಟಿವಿ. ಟೆಕ್ಸಾನ್ಸ್ ತಂಡ ಹೊರಗೆ ಪಂದ್ಯ ಆಡಲು ಹೋಗಿದ್ದು ವಾಪಸ್ ಬರಲಾಗದೆ ಡಲ್ಲಾಸ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ವಾಟ್ ಅಲ್ಲಿಂದ ಫೋನ್ ಹಿಡಿದು ಒಂದು ವಿಡಿಯೋ ಹಾಕಿದ. ತನ್ನ 1 ಲಕ್ಷ ಡಾಲರ್ ಹಾಕಿ, 2 ಲಕ್ಷ ಸೇರಿಸೋಣ ಅಂದ. ಮೂರು ವಾರದೊಳಗೆ 3.7 ಕೋಟಿ ಡಾಲರ್ ದಾಟಿತು. ಆಮೇಲೆ ಬಂದ ಹಣ ಸೇರಿ ಮರುವರ್ಷ ಕೊಟ್ಟ ಲೆಕ್ಕದಲ್ಲಿ 4.16 ಕೋಟಿ.

ನನಗೆ ಇಷ್ಟವಾದದ್ದು ಆಮೇಲಿನದು. ಆ ಹಣವನ್ನು ಮನೆ ರಿಪೇರಿ, ಊಟ, ಮಕ್ಕಳ ಆರೈಕೆ ಕೇಂದ್ರ, ಔಷಧಿ ಅಂತ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿ, ವರ್ಷ ತುಂಬಿದಾಗ ಎಲ್ಲಿ ಎಷ್ಟು ಹೋಯಿತು ಅಂತ ಬಹಿರಂಗವಾಗಿ ಹೇಳಿದ. ಸಾವಿರಕ್ಕೂ ಜಾಸ್ತಿ ಮನೆ ದುರಸ್ತಿ ಆದವು. ಆ ಸೀಸನ್‌ನಲ್ಲಿ ಅವನು ಆಡಿದ್ದು ಐದೇ ಪಂದ್ಯ. ಆದರೂ ಸಮಾಜಸೇವೆಗೆ ಲೀಗ್ ಕೊಡುವ ವಾಲ್ಟರ್ ಪೇಟನ್ ಪ್ರಶಸ್ತಿ ಅವನಿಗೇ ಬಂತು. ಈ ಊರಲ್ಲಿ ಫುಟ್‌ಬಾಲ್ ಅಂದರೆ ಏನು ಅಂತ ಗೊತ್ತಿಲ್ಲದ ನಮ್ಮ ಅಜ್ಜಿಯಂದಿರಿಗೂ 99 ನಂಬರ್ ಅಂಗಿ ಯಾರದು ಅಂತ ಗೊತ್ತು.

ಫೀನಿಕ್ಸ್ ಬಿಸಿಲು

ಎಲ್ಲರೂ ಹ್ಯೂಸ್ಟನ್ ಹ್ಯೂಸ್ಟನ್ ಅನ್ನುತ್ತಿದ್ದೀರಿ, ನಮ್ಮ ಅರಿಜೋನಾ ಎರಡು ವರ್ಷ ಎಲ್ಲಿ ಹೋಯಿತು?

2021ರ ಫೆಬ್ರವರಿಯಲ್ಲಿ ವಾಟ್ ತಾನೇ ಕೇಳಿಕೊಂಡು ಟೆಕ್ಸಾನ್ಸ್ ಬಿಟ್ಟ. ಮಾರ್ಚ್ 1ಕ್ಕೆ ಕಾರ್ಡಿನಲ್ಸ್ ಸೇರಿದ. ಎರಡು ವರ್ಷಕ್ಕೆ 2.8 ಕೋಟಿ ಡಾಲರ್. ಇಲ್ಲಿ 99 ನಂಬರ್ ಮಾರ್ಷಲ್ ಗೋಲ್ಡ್‌ಬರ್ಗ್ ಗೌರವಕ್ಕೆ ಯಾರಿಗೂ ಕೊಡದೆ ಎತ್ತಿಟ್ಟಿದ್ದರು. ಅವರ ಮಗಳು ಒಪ್ಪಿಗೆ ಕೊಟ್ಟ ಮೇಲೆ ವಾಟ್ ಹಾಕಿಕೊಂಡ. ಮೊದಲ ವರ್ಷ ನಾವು 7-0 ಶುರು. ಏಳನೇ ಪಂದ್ಯ ಯಾರ ವಿರುದ್ಧ ಗೊತ್ತಾ? ಟೆಕ್ಸಾನ್ಸ್. ಅದರಲ್ಲೇ ಅವನ ಭುಜ ಹೋಯಿತು. ಪೆಟ್ಟು ಬಿದ್ದ ಮೇಲೂ ಆಡುತ್ತಿದ್ದ. ಪ್ಲೇಆಫ್‌ಗೆ ಮತ್ತೆ ಬಂದ. ರ್‍ಯಾಮ್ಸ್ ವಿರುದ್ಧ 34-11ರಿಂದ ಸೋತೆವು, ಬಿಡಿ.

ಆದರೆ 2022 ನೋಡಿ. ಸೆಪ್ಟೆಂಬರ್ ಕೊನೆಗೆ ಹೃದಯದ ಬಡಿತ ಲಯ ತಪ್ಪಿತು. ಗುರುವಾರ ಶಾಕ್ ಕೊಟ್ಟು ಸರಿಮಾಡಿದರು. ಭಾನುವಾರ ಕ್ಯಾರೊಲೈನಾ ವಿರುದ್ಧ ಆಡಿದ. ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ. ಹೆಂಡತಿ ಕೆಲಿಯಾ ಓಹೈ ಕೂಡ ಆಟಗಾರ್ತಿ, ಅವರದು ಕಾಲ್ಚೆಂಡು. ಡಿಸೆಂಬರ್ 27ಕ್ಕೆ ಇದೇ ಕೊನೇ ಸೀಸನ್ ಅಂದ. ಆಗ ವಯಸ್ಸು 33. ಆ ವರ್ಷದ ಲೆಕ್ಕ 12.5 ಸ್ಯಾಕ್. ಕೊನೇ ಪಂದ್ಯದಲ್ಲೂ ಎರಡು. ಅಂಕಿ ಅಂಶ ಸಾರ್, 12.5 ಮಾಡಿ ನಿವೃತ್ತಿ ಆದವರು ಎಷ್ಟು ಜನ ಇದ್ದಾರೆ ಲೆಕ್ಕ ಕೊಡಿ.

ಅಂಕಿ ಅಂಶ

ಜಾಸ್ತಿ ಇಲ್ಲ ಅನ್ನುವುದು ಒಪ್ಪುತ್ತೇನೆ. ಇನ್ನೆರಡು ವರ್ಷ ಆಡಿದ್ದರೆ ನನ್ನ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಆದರೆ ಆಡಲಿಲ್ಲ ತಾನೇ. ಹಾಗಾಗಿ ನನ್ನ ಪಟ್ಟಿ ಬದಲಾಗುವುದಿಲ್ಲ: ಟೇಲರ್, ವೈಟ್, ಡೊನಾಲ್ಡ್, ಆಮೇಲೆ ವಾಟ್. ನಾಲ್ಕನೇ ಸ್ಥಾನ ಅವಮಾನ ಏನಲ್ಲ.

ಅಂದಹಾಗೆ ಮನೆಯಲ್ಲೇ ಪೈಪೋಟಿ ಇದೆ. ತಮ್ಮ ಟಿ.ಜೆ. ಪಿಟ್ಸ್‌ಬರ್ಗ್ ಪರ 2021ರಲ್ಲಿ 22.5 ಮಾಡಿ ಸ್ಟ್ರೇಹನ್ ದಾಖಲೆ ಸರಿಗಟ್ಟಿದ. ಅದೂ 15 ಪಂದ್ಯದಲ್ಲಿ. ಅಣ್ಣ ಯಾವತ್ತೂ ಅಷ್ಟು ಮುಟ್ಟಲಿಲ್ಲ.

ಚಳಿನಾಡು

ಮಧ್ಯದವನು ಡೆರಿಕ್ ಕೂಡ ಲೀಗ್‌ನಲ್ಲಿ ಆಡಿದ, ಫುಲ್‌ಬ್ಯಾಕ್ ಆಗಿ, ಅಂದರೆ ಬಾಲ್ ಹಿಡಿದು ಓಡುವವನಿಗೆ ದಾರಿ ಮಾಡಿಕೊಡುವವನು. 2020ರ ಸೆಪ್ಟೆಂಬರ್‌ನಲ್ಲಿ ಮೂವರೂ ಒಂದೇ ಪಂದ್ಯದಲ್ಲಿ ಇದ್ದರು. ಇಬ್ಬರು ತಮ್ಮಂದಿರು ಪಿಟ್ಸ್‌ಬರ್ಗ್ ಕಡೆ, ಅಣ್ಣ ಒಬ್ಬನೇ ಎದುರು. ಪಿಟ್ಸ್‌ಬರ್ಗ್ 28-21ರಲ್ಲಿ ಗೆದ್ದಿತು. ಅವರಮ್ಮ ಅವತ್ತು ಯಾರಿಗೆ ಕೈ ಮುಗಿದರೋ ಪಾಪ.

ತುಂಗೆ ದಂಡೆ

ತುಂಬಾ ವಿಷಯ ತಿಳೀತು. ಈಗ ಒಂದೇ ಪ್ರಶ್ನೆ. ಅವನ ಆಟ ನೋಡಬೇಕು ಅಂದರೆ ಮೊದಲು ಯಾವ ಪಂದ್ಯ ನೋಡಲಿ? ಹಾಲ್ ಆಫ್ ಫೇಮ್‌ಗೆ ಹೋಗಿದ್ದಾನಾ?

ಲೈನ್ ಒಳಗೆ

ಆಟ ಬಿಟ್ಟು ಐದು ಸೀಸನ್ ಆಗಬೇಕು. ವಾಟ್ ಸರದಿ 2028ಕ್ಕೆ. ಡೊನಾಲ್ಡ್ ಅದರ ಮರುವರ್ಷ. ಮೊದಲ ಸಲಕ್ಕೇ ಆರಿಸುತ್ತಾರೆ ಅಂತ ನಾನು ಪಂಥ ಕಟ್ಟುತ್ತೇನೆ. ಟೆಕ್ಸಾನ್ಸ್ ಅಂತೂ 2023ರ ಅಕ್ಟೋಬರ್‌ನಲ್ಲೇ ತಮ್ಮ ಗೌರವದ ಸಾಲಿಗೆ ಸೇರಿಸಿದರು.

ನೋಡಲು ಆ ಬೆಂಗಾಲ್ಸ್ ಪಂದ್ಯದಿಂದ ಶುರುಮಾಡಿ. ಒಂದು ಸಲಹೆ: ಮೊದಲ ಸಲ ಬಾಲ್ ನೋಡಬೇಡಿ. 99 ಎಲ್ಲಿ ನಿಂತಿದ್ದಾನೆ, ಅವನ ಮೇಲೆ ಎಷ್ಟು ಜನ ಬೀಳುತ್ತಿದ್ದಾರೆ, ಅಷ್ಟೇ ನೋಡಿ.

ಕೇಟಿ ಕಡೆಯವ

ಬೆಂಗಾಲ್ಸ್ ಪಂದ್ಯದಲ್ಲಿ ಆ ಒಂದು ಹಿಡಿತ ಬಿಟ್ಟರೆ ಅವನು ಇನ್ನೂ ಎಳೆಯ. ನನ್ನನ್ನು ಕೇಳಿದರೆ 2014ರ ಬಿಲ್ಸ್ ಪಂದ್ಯ. ಪಂದ್ಯ ಸೋತೆವು, ಅದೂ ಟೆಕ್ಸಾನ್ಸ್ ಅಭಿಮಾನಿ ಆಗುವುದಕ್ಕೆ ಒಂದು ಪಾಠ.

ಅಂಕಿ ಅಂಶ

ಕೇಟಿಯವರೇ, ಆ ಪಂದ್ಯ ನೀವು 23-17ರಲ್ಲಿ ಗೆದ್ದಿರಿ. ಆ 80 ಯಾರ್ಡ್ ಓಟವೇ ತಿರುವು. ಸೋಲು ಅಷ್ಟು ಅಭ್ಯಾಸ ಆಗಿಬಿಟ್ಟಿದೆಯಾ ನಿಮಗೆ?

ಸಂಡೇ ಸೋಮಾರಿ

ಟೆಕ್ಸಾನ್ಸ್ ಅಭಿಮಾನಿಗೆ ಗೆದ್ದದ್ದೂ ಸೋತ ಹಾಗೇ ನೆನಪಿರುತ್ತದೆ. ತುಂಗೆ ದಂಡೆಯವರೇ, ಬಿಲ್ಸ್ ಪಂದ್ಯವನ್ನೇ ನೋಡಿ, ಆಮೇಲೆ 2012ರದ್ದು. ಚೀಫ್ಸ್ ಹೆಸರಿರುವ ಯಾವ ಪಂದ್ಯವನ್ನೂ ಕೇಟಿಯವರ ಮನೆಯಲ್ಲಿ ಹಾಕಬೇಡಿ.